ಹನ್ನೆರಡನೆಯ ಗಂಟಲು

ಮುಳ್ಳೇರಿಯ ಗಣಪತಿಯ ಮುಖವನ್ನು ನೋಡದವರು ಕೇರಳದಲ್ಲಿ ಕಡಿಮೆ. ಹೆಸರು ಹೇಳಿದರೆ ತಲೆ ಕೆರೆದುಕೊಳ್ಳುತ್ತಾರೆ, ಫೋಟೊ ತೋರಿಸಿದರೆ "ಓ, ಈ ಮನುಷ್ಯನಾ!" ಎನ್ನುತ್ತಾರೆ. ನಾಯಕಿಯ ತಂದೆ, ನ್ಯಾಯಾಧೀಶ, ದೇವಸ್ಥಾನದ ಪೂಜಾರಿ, ಆಸ್ಪತ್ರೆಯ ಮಂಚದ ಮೇಲೆ ಕೊನೆಯ ಮಾತು ಹೇಳಿ ಕಣ್ಣು ಮುಚ್ಚುವ ಮುದುಕ. ಮೂವತ್ತೈದು ವರ್ಷಗಳಲ್ಲಿ ನೂರ ಹದಿನಾಲ್ಕು ಸಿನಿಮಾ. ಉದ್ದ ಕೆನ್ನೆ, ಜೋತುಬಿದ್ದ ಕಿವಿ, ಒಂದು ಸಲ ತುಂಬಿದರೆ ಚೆಲ್ಲದೆ ಹಾಗೆಯೇ ನಿಲ್ಲುವ ಕಣ್ಣು. ಆ ಕಣ್ಣಿಗಾಗಿಯೇ ನಿರ್ದೇಶಕರು ಹುಡುಕಿಕೊಂಡು ಬರುತ್ತಿದ್ದರು.

ಆದರೆ ನೂರ ಹದಿನಾಲ್ಕರಲ್ಲಿ ಒಂದರಲ್ಲೂ ಅವನ ದನಿ ಇಲ್ಲ. ಹನ್ನೊಂದು ಮಂದಿ ಬೇರೆ ಬೇರೆಯವರು ಸ್ಟುಡಿಯೋದ ಕತ್ತಲೆ ಕೋಣೆಯಲ್ಲಿ ನಿಂತು ಅವನ ತುಟಿಗೆ ತಮ್ಮ ಮಾತು ಅಂಟಿಸಿದ್ದಾರೆ. ಒಂದು ಸಿನಿಮಾದಲ್ಲಂತೂ ಮಧ್ಯಂತರದವರೆಗೆ ಒಬ್ಬ, ಆಮೇಲೆ ಇನ್ನೊಬ್ಬ. ಮೊದಲಿನವನಿಗೆ ಜ್ವರ ಬಂದಿತ್ತಂತೆ. ಮಧ್ಯಂತರದಲ್ಲಿ ಚಹಾ ಕುಡಿದು ಬರುವಷ್ಟರಲ್ಲಿ ಒಬ್ಬ ಮನುಷ್ಯನ ಗಂಟಲೇ ಬದಲಾಗಿದೆ ಎಂದು ಇಡೀ ಕೇರಳದಲ್ಲಿ ಗುರುತು ಹಿಡಿದವನು ಗಣಪತಿ ಒಬ್ಬನೇ.

ಸಾಯುವುದರೊಳಗೆ ಒಂದೇ ಒಂದು ಸಿನಿಮಾದಲ್ಲಿ ತನ್ನ ಬಾಯಿಂದ ತನ್ನದೇ ದನಿ ಹೊರಡಬೇಕು. ಅವನ ಜೀವನದ ಆಸೆ ಅಷ್ಟೇ. ಪ್ರಶಸ್ತಿ ಬೇಡ, ಪೋಸ್ಟರಿನಲ್ಲಿ ಮುಖ ಬೇಡ. ಇಷ್ಟು ಸಣ್ಣ ಆಸೆ ಇಟ್ಟುಕೊಂಡವರ ಮೇಲೆ ದೇವರಿಗೆ ಅದೇನು ಸಿಟ್ಟೋ, ದೊಡ್ಡ ದೊಡ್ಡ ಆಸೆಯವರೆಲ್ಲ ದಾಟಿ ಹೋಗುತ್ತಾರೆ, ಇಂಥವರು ಮಾತ್ರ ಬಾಗಿಲ ಬಳಿಯೇ ನಿಂತಿರುತ್ತಾರೆ.

ಗಣಪತಿ ಕಾಸರಗೋಡಿನ ಮುಳ್ಳೇರಿಯದ ಕಡೆಯವನು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ, ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತುಳು. ಮಲಯಾಳ ಎಂದರೆ ಬಸ್ಸಿನ ಬೋರ್ಡು. ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತೆಯ ಕೆಲಸ ಸಿಕ್ಕಿ ತಿರುವನಂತಪುರಕ್ಕೆ ಬಂದಿಳಿದ. ಬೆಳಿಗ್ಗೆಯಿಂದ ಸಂಜೆಯವರೆಗೆ ಲಕೋಟೆಗೆ ಮೊಹರು ಹೊಡೆಯುವುದು, ಸಂಜೆ ನಾಟಕದ ತಾಲೀಮು. ಮೊದಲು ಕನ್ನಡ ಸಂಘದ ನಾಟಕ, ಆಮೇಲೆ ಮಲಯಾಳದ ಹವ್ಯಾಸಿ ತಂಡ. ಅಲ್ಲಿನ ಪದ್ಧತಿಯಂತೆ ಹೆಸರಿನ ಮುಂದೆ ಊರು ಅಂಟಿಕೊಂಡಿತು.

ಮಲಯಾಳವನ್ನು ಅವನು ಕಲಿತ, ನಾಲಗೆ ಮಾತ್ರ ಕಲಿಯಲಿಲ್ಲ. ನಾಲಗೆಯನ್ನು ಹಿಂದಕ್ಕೆ ಮಡಚಿ ಮಲಯಾಳಿಗಳು ಹೊರಡಿಸುವ ಆ ಒಂದು ಅಕ್ಷರ ಅವನ ಬಾಯಲ್ಲಿ ಎಡವಿ ಬೀಳುತ್ತಿತ್ತು. ವಾಕ್ಯ ಮುಗಿಯುವಲ್ಲಿ ಕನ್ನಡದ ಎಳೆತ. ಓದಲು ಕಷ್ಟವೆಂದು ಸಂಭಾಷಣೆಯನ್ನೆಲ್ಲ ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುತ್ತಿದ್ದ. ಇನ್ನೂರು ಪುಟದ ಉದ್ದ ನೋಟುಪುಸ್ತಕ, ಪಾತ್ರಕ್ಕೊಂದು. ನಾಲ್ಕೇ ಮಾತಿನ ಪಾತ್ರವಾದರೂ ಹೊಸ ಪುಸ್ತಕವೇ ಆಗಬೇಕು. ಹೆಂಡತಿ ಪಂಕಜಾ ಖಾಲಿ ಉಳಿದ ಹಾಳೆಗಳನ್ನು ನೋಡಿ ಹೊಟ್ಟೆ ಉರಿಸಿಕೊಳ್ಳುತ್ತಿದ್ದಳು.

ಸಿನಿಮಾದವರು ಮುಖ ನೋಡಿ ಕರೆದರು, ಬಾಯಿ ಬಿಟ್ಟಾಗ ಮುಖ ಮುಖ ನೋಡಿಕೊಂಡರು. "ಪರವಾಗಿಲ್ಲ, ಡಬ್ಬಿಂಗಿನಲ್ಲಿ ಸರಿಮಾಡುತ್ತೇವೆ" ಎಂದರು. ಆ ಮಾತನ್ನು ಅವನು ನೂರ ಹದಿನಾಲ್ಕು ಸಲ ಕೇಳಿದ್ದಾನೆ.

ಹೇಗೂ ಬೇರೆಯವರು ಮಾತಾಡುತ್ತಾರಲ್ಲ, ಸುಮ್ಮನೆ ಬಾಯಾಡಿಸಿದರೆ ಸಾಲದೆ? ಸಾಲುತ್ತದೆ. ಹೊರರಾಜ್ಯದಿಂದ ಬಂದ ಎಷ್ಟೋ ನಟರು ಕ್ಯಾಮೆರಾ ಮುಂದೆ ಅಂಕಿ ಎಣಿಸುತ್ತಾರೆ. ಒಂದು, ಎರಡು, ಮೂರು ಎನ್ನುತ್ತ ಅಳುತ್ತಾರೆ, ಹದಿನಾಲ್ಕು, ಹದಿನೈದು ಎನ್ನುತ್ತ ಪ್ರೀತಿಸುತ್ತಾರೆ. ಆಮೇಲೆ ಅದಕ್ಕೆ ಮಾತು ಕೂರಿಸುತ್ತಾರೆ. ಗಣಪತಿಗೆ ಅದನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಒಂದು ಸಲ ಮುಂಬೈಯಿಂದ ಬಂದ ನಾಯಕಿ ಅವನ ಮಗಳ ಪಾತ್ರದಲ್ಲಿ, ಅವನ ಎದೆಯ ಮೇಲೆ ಬಿದ್ದು ಹಿಂದಿಯಲ್ಲಿ ಇಪ್ಪತ್ತೆರಡರವರೆಗೆ ಎಣಿಸುತ್ತ ಗೋಳೋ ಎಂದು ಅತ್ತಳು. ಅವನು ಅವಳ ತಲೆ ಸವರುತ್ತ ತನ್ನ ಮಾತನ್ನು ಒಂದಕ್ಷರ ಬಿಡದೆ ಹೇಳಿದ. ಶಾಟ್ ಮುಗಿದ ಮೇಲೆ, "ಕೂಡಿಸುವ ಲೆಕ್ಕ ಹೇಳಿಕೊಂಡು ಅಳುವವರನ್ನು ನಾನು ನೋಡಿಲ್ಲಮ್ಮ" ಎಂದ. ಅವಳಿಗೆ ಅರ್ಥವಾಗಲಿಲ್ಲ. ಅರ್ಥವಾದ ನಿರ್ಮಾಪಕರು ಎರಡು ವರ್ಷ ಅವನನ್ನು ಕರೆಯಲಿಲ್ಲ. ಆದರೂ ಅವನು ತನ್ನ ಹಟ ಬಿಡಲಿಲ್ಲ.

ಈ ಹಟಕ್ಕೆ ಹಿಂದೆ ಒಂದು ಕಾರಣವಿದೆ. ಊರಿನಲ್ಲಿ ಅಣ್ಣನ ಮನೆಯಲ್ಲಿದ್ದ ತಾಯಿಗೆ ಕೊನೆಯ ವರ್ಷಗಳಲ್ಲಿ ಕಣ್ಣು ಹೋಗಿತ್ತು. ಒಂದು ಭಾನುವಾರ ಟಿವಿಯಲ್ಲಿ ಗಣಪತಿಯ ಸಿನಿಮಾ ಬರುತ್ತದೆಂದು ಮುದುಕಿ ಬೆಳಿಗ್ಗೆಯಿಂದ ಟಿವಿಯ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತಳು. ರಜೆಯಲ್ಲಿ ಬಂದಿದ್ದ ಗಣಪತಿ ಅವಳ ಪಕ್ಕದಲ್ಲೇ ಇದ್ದ. ಪರದೆಯ ಮೇಲೆ ಅವನು ಬಂದ, ಮಾತಾಡಿದ, ಅತ್ತ, ಸತ್ತೂ ಹೋದ. ಮುದುಕಿ ಕಿವಿ ಮುಂದೆ ಮಾಡಿಕೊಂಡು ಕಾದಳು. ಆಮೇಲೆ ಕೇಳಿದಳು, "ನಮ್ಮ ಗಣಪ್ಪು ಇನ್ನೂ ಬರಲಿಲ್ವಾ?"

"ಈಗ ಬರ್ತಾನಮ್ಮ" ಎಂದ ಗಣಪತಿ. ಸಿನಿಮಾ ಮುಗಿಯುವವರೆಗೂ ಹಾಗೆಯೇ ಹೇಳಿದ. ತಾಯಿ ತೀರಿಕೊಂಡು ಈಗ ಹದಿನಾರು ವರ್ಷ. ತನ್ನ ದನಿ ಕೇಳಬೇಕಾದವಳೇ ಇಲ್ಲವಲ್ಲ ಎಂದು ಸುಮ್ಮನಾಗುವ ಬುದ್ಧಿ ಅವನಿಗೆ ಬರಲಿಲ್ಲ, ಆಸೆ ಇನ್ನಷ್ಟು ಬಲಿಯಿತು.

ಹಾಗಾದರೆ ಅವನ ದನಿಯನ್ನು ಮಲಯಾಳಿಗಳು ಕೇಳಿಯೇ ಇಲ್ಲವೇ? ಕೇಳಿದ್ದಾರೆ, ಅದೇ ಅವನ ಗ್ರಹಚಾರ. ತುಳುನಾಡಿನಿಂದ ಹೋಗಿ ಹೋಟೆಲು ಇಟ್ಟ, ಪೂಜೆ ಮಾಡುವ ಬ್ರಾಹ್ಮಣರನ್ನು ತಿರುವನಂತಪುರದ ಕಡೆ ಪೋತ್ತಿ ಎನ್ನುತ್ತಾರೆ. ಇಪ್ಪತ್ತೈದು ವರ್ಷದ ಹಿಂದೆ ಓಣಂ ಸಮಯಕ್ಕೆ ಬರುತ್ತಿದ್ದ ಹಾಸ್ಯದ ಕ್ಯಾಸೆಟ್ಟೊಂದರಲ್ಲಿ ಗಣಪತಿ 'ದೋಸೆ ಪೋತ್ತಿ'ಯಾದ. ತನ್ನ ನಾಲಗೆಯ ಎಡವಟ್ಟನ್ನೇ ನಾಲ್ಕು ಪಟ್ಟು ಮಾಡಿ, ಎಳೆತವನ್ನು ಮಾರುದ್ದ ಎಳೆದು, ಗಿರಾಕಿಗಳ ಜೊತೆ ಜಗಳಾಡಿದ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಶಾಲೆಯ ವಾರ್ಷಿಕೋತ್ಸವ, ದೇವಸ್ಥಾನದ ಉತ್ಸವ, ಎಲ್ಲಿ ಹೋದರೂ "ಪೋತ್ತಿ ಮಾಡಿ ಪೋತ್ತಿ ಮಾಡಿ" ಎಂಬ ಒತ್ತಾಯ. ಚಪ್ಪಾಳೆಯ ರುಚಿ ಹತ್ತಿದ ಮನುಷ್ಯ ಒಲ್ಲೆ ಎನ್ನುವುದುಂಟೇ? ಅವನೂ ಮಾಡಿದ. ಮಗಳು ಕೃಪಾ ನಾಲ್ಕನೆಯ ತರಗತಿಯಲ್ಲಿದ್ದಾಗ ಅವಳ ಶಾಲೆಯ ವೇದಿಕೆಯಲ್ಲೂ ಮಾಡಿದ. ಮರುದಿನದಿಂದ ಹತ್ತನೆಯ ತರಗತಿ ಮುಗಿಯುವವರೆಗೆ ಅವಳ ಹೆಸರು ದೋಸೆ ಎಂದಾಯಿತು. ಹಾಜರಿ ಕರೆಯುವಾಗ ಹಿಂದಿನ ಬೆಂಚಿನಿಂದ ಯಾರೋ ಒಬ್ಬರು ಅವಳಪ್ಪನ ಎಳೆತದಲ್ಲಿ "ಬಂದೇಏಏ" ಎನ್ನುತ್ತಿದ್ದರಂತೆ. ಕೃಪಾ ಅದನ್ನು ಮನೆಯಲ್ಲಿ ಹೇಳಲಿಲ್ಲ. ಮನೆಯಲ್ಲಿ ಕನ್ನಡ ಮಾತಾಡುವುದನ್ನು ನಿಲ್ಲಿಸಿದಳು, ಅಷ್ಟೇ. ಅಪ್ಪ ಅಮ್ಮ ಕನ್ನಡದಲ್ಲಿ ಕೇಳಿದರೆ ಮಲಯಾಳದಲ್ಲಿ ಉತ್ತರ. ಅಪ್ಪ ಎನ್ನುತ್ತಿದ್ದವಳು ಅಚ್ಛ ಎನ್ನತೊಡಗಿದಳು. ಮಗಳು ಮಲಯಾಳವನ್ನು ಇಷ್ಟು ಚೊಕ್ಕವಾಗಿ ಮಾತಾಡುತ್ತಾಳಲ್ಲ ಎಂದು ಗಣಪತಿ ಹಿಗ್ಗಿದ.

ಆ ಮಗಳು ಬೆಳೆದು ಸಿನಿಮಾಗಳಿಗೆ ಸದ್ದು ಕೂರಿಸುವ ಕೆಲಸ ಹಿಡಿದಳು. ಕೊಚ್ಚಿಯ ಸ್ಟುಡಿಯೋದಲ್ಲಿ ಒಳ್ಳೆಯ ಹೆಸರು, ಕಾಕ್ಕನಾಡಿನಲ್ಲಿ ಹನ್ನೆರಡನೆಯ ಮಹಡಿಯ ಫ್ಲ್ಯಾಟು. ಗಣಪತಿ ನಿವೃತ್ತನಾದ ಮೇಲೆ ಗಂಡ ಹೆಂಡತಿ ತಿರುವನಂತಪುರದ ಬಾಡಿಗೆ ಮನೆ ಬಿಟ್ಟು ಅವಳ ಜೊತೆ ಬಂದು ನಿಂತರು. ನೋಟುಪುಸ್ತಕಗಳು ನಾಲ್ಕು ರಟ್ಟಿನ ಪೆಟ್ಟಿಗೆ ತುಂಬಿ ಬಂದವು.

ಅದಾಗಿ ನಾಲ್ಕೈದು ವರ್ಷಕ್ಕೆ ಬಂದವನು ಆಕರ್ಷ. ಮೂವತ್ತು ತುಂಬದ ನಿರ್ದೇಶಕ, ಮೊದಲ ಸಿನಿಮಾ. ಫೋರ್ಟ್ ಕೊಚ್ಚಿಯ ದೋಣಿ ಕಟ್ಟೆಯಲ್ಲಿ ಟಿಕೇಟು ಹರಿಯುತ್ತಿದ್ದ, ಕೇರಳದ ಉತ್ತರದ ಕಡೆಯಿಂದ ಬಂದು ನೆಲೆಸಿದ ಮುದುಕನೊಬ್ಬ ಶವಾಗಾರಕ್ಕೆ ಬಂದು ಮಗನ ಹೆಣ ಗುರುತಿಸುವ ಕತೆ. ಅಲ್ಲಿನ ಪೊಲೀಸಿನವನಿಗೆ ಮುದುಕ ತನ್ನ ಮಗ ಹೇಗೆ ಊಟ ಮಾಡುತ್ತಿದ್ದ ಎಂದು ನಾಲ್ಕು ನಿಮಿಷ ಹೇಳುತ್ತಾನೆ. ಇಡೀ ಸಿನಿಮಾ ನಿಂತಿರುವುದು ಆ ನಾಲ್ಕು ನಿಮಿಷದ ಮೇಲೆ.

"ಸಾರ್, ಡಬ್ಬಿಂಗ್ ಇಲ್ಲ" ಎಂದ ಆಕರ್ಷ. "ಸೆಟ್ಟಿನಲ್ಲೇ ಮಾತು ರೆಕಾರ್ಡ್ ಮಾಡುತ್ತೇವೆ. ನನಗೆ ನಿಮ್ಮ ಈ ದನಿಯೇ ಬೇಕು. ಬಡಗಣ ಮುದುಕ ಹೀಗೇ ಮಾತಾಡುವುದು."

ಗಣಪತಿ ಕೂತಲ್ಲಿಂದ ಎದ್ದು ಬಾಲ್ಕನಿಗೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದ. ಬಂದು, "ಯಾವಾಗ ಶೂಟಿಂಗು?" ಎಂದು ಮಾತ್ರ ಕೇಳಿದ. ಸದ್ದಿನ ಕೆಲಸಕ್ಕೆ ಆಕರ್ಷ ಕೃಪಾಳನ್ನೇ ಕೇಳಿಕೊಂಡ. ಅಪ್ಪನ ದನಿಯನ್ನು ಮಗಳು ಹಿಡಿದಿಡುತ್ತಾಳೆ ಎಂದು ಪಂಕಜಾ ಅಂದೇ ಪಾಯಸ ಮಾಡಿದಳು.

ಗಣಪತಿ ಆ ನಾಲ್ಕು ನಿಮಿಷಕ್ಕೆ ಎರಡು ತಿಂಗಳು ಬೆವರು ಸುರಿಸಿದ. ಮಾತು ಶುರುವಾಗುವುದೇ "ನನ್ನ ಮಗನಿಗೆ ಮೀನಿನ ತಲೆ ಎಂದರೆ ಪ್ರಾಣ ಸಾರ್" ಎಂದು. ಹುಟ್ಟಿದಂದಿನಿಂದ ಮೀನು ಮುಟ್ಟದ ಮನುಷ್ಯ ಬೆಳಗಿನ ಬಸ್ಸು ಹಿಡಿದು ಫೋರ್ಟ್ ಕೊಚ್ಚಿಗೆ ಹೋಗಿ ಹರಾಜಿನ ಕಟ್ಟೆಯಲ್ಲಿ ಮೂಗಿಗೆ ಟವೆಲು ಹಿಡಿದು ಕೂತ. ಮೀನಿನ ತಲೆಯನ್ನು ಯಾವ ಬೆರಳಿನಿಂದ ಬಿಡಿಸುತ್ತಾರೆ, ಕಣ್ಣನ್ನು ಮೊದಲು ತಿನ್ನುತ್ತಾರೋ ಕೊನೆಗೋ, ಎಲ್ಲ ಕೇಳಿ ನೋಟುಪುಸ್ತಕದಲ್ಲಿ ಬರೆದುಕೊಂಡ. ಮನೆಯಲ್ಲಿ ಮಾತು ಒಪ್ಪಿಸುತ್ತಿದ್ದರೆ ಪಂಕಜಾ, "ಎಂತ ಮಾರಾಯ್ರೆ, ನನಗೇ ವಾಕರಿಕೆ ಬರ್ತದೆ ಈಗ" ಎನ್ನುತ್ತಿದ್ದಳು. ಅದನ್ನು ಅವನು ಹೊಗಳಿಕೆ ಎಂದೇ ತೆಗೆದುಕೊಂಡ.

ಶೂಟಿಂಗಿನ ದಿನ ಮೂರನೆಯ ಟೇಕಿಗೆ ಆಯಿತು. ಕಟ್ ಎಂದು ಹೇಳಬೇಕಾದ ಆಕರ್ಷ ಬಾಯಿಗೆ ಕೈ ಮುಚ್ಚಿ ನಿಂತಿದ್ದ. ಕಿವಿಗೆ ಹೆಡ್‌ಫೋನು ಹಾಕಿ ಕೂತಿದ್ದ ಕೃಪಾಳ ಕಣ್ಣು ಒದ್ದೆಯಾಗಿದ್ದನ್ನು ಗಣಪತಿ ನೋಡಿದ. ಅರವತ್ತೈದು ವರ್ಷದಲ್ಲಿ ಅಷ್ಟು ಸುಖ ಅವನಿಗೆ ಯಾವತ್ತೂ ಸಿಕ್ಕಿರಲಿಲ್ಲ.

ಅದೇ ಕೊನೆ. ಆಮೇಲೆ ಅವನಿಗೆ ಗೊತ್ತಿಲ್ಲದೆ ನಡೆದದ್ದು ಇಷ್ಟು. ಸಿನಿಮಾ ಒಂದು ಹದಕ್ಕೆ ಬಂದಾಗ ನಿರ್ಮಾಪಕರು ಕಾಕ್ಕನಾಡಿನ ಐಟಿ ಕಂಪನಿಗಳ ನಲವತ್ತು ಹುಡುಗ ಹುಡುಗಿಯರನ್ನು ಕರೆದು ತೋರಿಸಿದರು. ಶವಾಗಾರದ ದೃಶ್ಯ ಬಂತು. ಗಣಪತಿ ಬಾಯಿ ತೆರೆದ. ಮೊದಲ ವಾಕ್ಯ ಮುಗಿಯುವುದರೊಳಗೆ ಹಿಂದಿನ ಸಾಲಿನಿಂದ ಯಾರೋ ಕಿಸಕ್ಕೆಂದರು. ಆಮೇಲೆ ಇನ್ನೊಬ್ಬರು. ಆ ಹಳೆಯ ಕ್ಯಾಸೆಟ್ಟಿನ ತುಣುಕುಗಳು ಈಗ ಅವರ ಮೊಬೈಲಿನಲ್ಲಿ ಓಡಾಡುತ್ತಿದ್ದವು. ಯಾರನ್ನಾದರೂ ಗೇಲಿ ಮಾಡಬೇಕೆಂದರೆ ದೋಸೆ ಪೋತ್ತಿಯ ದನಿ ಅಂಟಿಸಿ ಕಳಿಸುವುದು ರೂಢಿಯಾಗಿತ್ತು. ಮಗನ ಹೆಣದ ಮುಂದೆ ಆ ದನಿ ಕೇಳಿದ ನಲವತ್ತು ಮಂದಿಯೂ ಕೊನೆಗೆ ನಕ್ಕರು. ಕೆಟ್ಟವರಲ್ಲ, ನಗು ತಡೆಯಲಾಗಲಿಲ್ಲ, ಅಷ್ಟೇ. ಆಕರ್ಷ ತಲೆಯ ಮೇಲೆ ಕೈ ಹೊತ್ತು ಕೂತ. "ಬದಲಾಯಿಸೋಣ" ಎಂದವಳು ಕೃಪಾ. ಹೊಸ ಗಂಟಲನ್ನು ಹುಡುಕಿಕೊಟ್ಟವಳೂ ಅವಳೇ.

ಹನ್ನೆರಡನೆಯ ಗಂಟಲಿನ ಹೆಸರು ಇಸ್ಮಾಯಿಲ್. ಮಟ್ಟಾಂಚೇರಿಯವನು, ನಲವತ್ತರ ಆಸುಪಾಸು, ಸಜ್ಜನ. ನಾಲ್ಕು ದಿನ ಕೋಣೆಯೊಳಗೆ ನಿಂತು ಗಣಪತಿಯ ತುಟಿ ನೋಡುತ್ತ ನೋಡುತ್ತ ಮಾತು ಕೂರಿಸಿದ. ಕೃಪಾ ಅಪ್ಪನ ದನಿಯನ್ನು ಒಂದು ಉಸಿರಿನ ಸದ್ದೂ ಉಳಿಯದಂತೆ ತೆಗೆದುಹಾಕಿದಳು. ಅಪ್ಪನಿಗೆ ಆಕರ್ಷ ಹೇಳುತ್ತಾನೆಂದು ಅವಳು ಸುಮ್ಮನಿದ್ದಳು. ಮಗಳು ಹೇಳಿರುತ್ತಾಳೆಂದು ಆಕರ್ಷ ಸುಮ್ಮನಿದ್ದ. ಇಬ್ಬರಿಗೂ ತಾವು ಹೇಳುವುದು ಬೇಕಿರಲಿಲ್ಲ ಎಂಬುದೇ ನಿಜ.

ಬಿಡುಗಡೆಯ ದಿನ ಗಣಪತಿ ವೈಟ್ಟಿಲದ ಹತ್ತಿರದ ಥಿಯೇಟರಿನಲ್ಲಿ ಹದಿನಾಲ್ಕು ಸೀಟು ಹಿಡಿದ. ಕೊಚ್ಚಿಯಲ್ಲಿ ನೆಲೆಸಿದ್ದ ಕನ್ನಡದವರು, ನಿವೃತ್ತ ಬ್ಯಾಂಕಿನವರು, ಹಳೆಯ ಕಚೇರಿಯ ಇಬ್ಬರು, ಎಲ್ಲರನ್ನೂ ಕರೆದಿದ್ದ. ಹೊಸ ಮುಂಡು, ಇಸ್ತ್ರಿ ಮಾಡಿದ ಅಂಗಿ. "ಈ ಸಲ ನನ್ನದೇ ಸ್ವರ" ಎಂದು ಸಿಕ್ಕಿದವರಿಗೆಲ್ಲ ಹೇಳಿದ. ಪಾಪ್‌ಕಾರ್ನ್ ಮಾರುವವನನ್ನೂ ಬಿಡಲಿಲ್ಲ. ಕೃಪಾ ಕೆಲಸವಿದೆಯೆಂದು ಬಂದಿರಲಿಲ್ಲ.

ದೀಪ ಆರಿತು. ಹತ್ತನೆಯ ನಿಮಿಷಕ್ಕೆ ಪರದೆಯ ಮೇಲಿನ ಗಣಪತಿ ದೋಣಿ ಕಟ್ಟೆಯಲ್ಲಿ ಯಾರನ್ನೋ ಕೂಗಿ ಕರೆದ. ಕೆಳಗೆ ಕೂತ ಗಣಪತಿಯ ಕೈ ಪಂಕಜಾಳ ಕೈಯನ್ನು ಹುಡುಕಿತು. ಅವಳಿಗೂ ಗೊತ್ತಾಗಿತ್ತು. ನಲವತ್ತು ವರ್ಷ ತನ್ನನ್ನು ಕರೆದ ದನಿ ಯಾವುದು, ಯಾವುದಲ್ಲ ಎಂದು ಹೆಂಡತಿಗೆ ಯಾರೂ ಹೇಳಿಕೊಡಬೇಕಿಲ್ಲ. "ನಾವು ಎದ್ದು ಹೋಗುವನಾ?" ಎಂದಳು ಕಿವಿಯಲ್ಲಿ. ಅವನು ಬೇಡವೆಂದು ತಲೆಯಾಡಿಸಿದ. ಇಷ್ಟು ಮಂದಿಯನ್ನು ಕರೆದುಕೊಂಡು ಬಂದವನು ಎದ್ದು ಹೋಗುವುದು ಹೇಗೆ? ಶವಾಗಾರದ ದೃಶ್ಯದಲ್ಲಿ ಇಡೀ ಥಿಯೇಟರು ಅತ್ತಿತು. ನಗಲಿಲ್ಲ ಯಾರೂ. ಗಣಪತಿಯ ಕಣ್ಣಿಂದ ಮಾತ್ರ ಒಂದು ಹನಿ ಬರಲಿಲ್ಲ. ಹೊರಗೆ ಬಂದಾಗ ಬ್ಯಾಂಕಿನ ಗೆಳೆಯರೊಬ್ಬರು ಅವನ ಎರಡೂ ಕೈ ಹಿಡಿದು, "ಎಂಥಾ ವಾಯ್ಸ್ ರೀ ನಿಮ್ದು! ಇಷ್ಟು ವರ್ಷ ಯಾಕ್ರೀ ಬಚ್ಚಿಟ್ಕೊಂಡಿದ್ರಿ?" ಎಂದರು. ಗಣಪತಿ ಕೈ ಮುಗಿದ.

ಮರುದಿನ ಬೆಳಿಗ್ಗೆ ತಿಂಡಿಗೆ ಕೂತಾಗ ಮಗಳನ್ನು ಕೇಳಿದ, "ನಿನಗೆ ಗೊತ್ತಿತ್ತಾ?"

ಕೃಪಾ ತಟ್ಟೆಯಿಂದ ಮುಖ ಎತ್ತಲಿಲ್ಲ. ಮಲಯಾಳದಲ್ಲಿ, "ನಾನೇ ಮಾಡಿದ್ದು, ಅಚ್ಛಾ" ಎಂದಳು. ಆಮೇಲೆ ಅದೇನೆನಿಸಿತೋ, ಇಪ್ಪತ್ತೈದು ವರ್ಷದ ಮೇಲೆ ಮೊದಲ ಸಲ ಕನ್ನಡದಲ್ಲಿ ಬಾಯಿ ತೆರೆದಳು. ತಪ್ಪು ತಿಳಿಯದ ಹಾಗೆ ಹೇಳಬೇಕೆಂದಿರಬೇಕು. "ಅವರೆಲ್ಲ ನಗಾಡಿದು. ನಲ್ಪತ್ತು ಆಳುಗಳ್ ಇತ್ತು. ಅಚ್ಛನ ಶಬ್ದಂ ಕೇಳಿ ನಗಾಡಿದು. ಅಚ್ಛ ನಲ್ಲ ನಟನ್, ಅದು ನನಿಗೆ ಅರಿಯು…"

ಅಪ್ಪ ಒಳ್ಳೆಯ ನಟನೆಂದು ತನಗೆ ಗೊತ್ತು ಎನ್ನಹೊರಟಿದ್ದಳು. ಗಣಪತಿಗೆ ನಗು ಬಂತು. ಬರಬಾರದಿತ್ತು, ಬಂತು. ಆ ಕನ್ನಡ ಅಷ್ಟು ವಿಚಿತ್ರವಾಗಿತ್ತು, ಒಂದೊಂದು ಪದವೂ ಅಡ್ಡಾದಿಡ್ಡಿ ಕಾಲು ಹಾಕುತ್ತಿತ್ತು. ಎದೆಯಲ್ಲಿ ಬೆಂಕಿ ಇಟ್ಟುಕೊಂಡೇ ಅವನು ಫಕ್ಕನೆ ನಕ್ಕುಬಿಟ್ಟ.

ಕೃಪಾ ಮಾತು ನಿಲ್ಲಿಸಿ ಅವನನ್ನೇ ನೋಡಿದಳು. ಮತ್ತೆ ಮಲಯಾಳಕ್ಕೆ ತಿರುಗಿ, ಸದ್ದಿನ ಕೆಲಸದವರ ಆ ತಣ್ಣನೆಯ ದನಿಯಲ್ಲಿ ಹೇಳಿದಳು: "ನೋಡಿದಿರಾ? ನಿಮಗೂ ತಡೆಯಲಾಗಲಿಲ್ಲ. ಎದುರಿಗೆ ಮಗಳೇ ಕೂತಿದ್ದರೂ. ಅವರನ್ನು ಏನೆನ್ನುತ್ತೀರಿ? ಆ ದನಿ ಕೇಳಿದರೆ ನಗಬೇಕು ಎಂದು ಈ ಊರಿಗೆ ಕಲಿಸಿದವರು ನೀವು. ನಾನು ಆರು ವರ್ಷ ಅದನ್ನು ಕೇಳಿಕೊಂಡೇ ಶಾಲೆಗೆ ಹೋದವಳು."

"ಸಾಕು, ಅಪ್ಪನಿಗೆ ಹಾಗೆಲ್ಲ ಹೇಳುದಲ್ಲ" ಎಂದಳು ಪಂಕಜಾ. ಕೃಪಾ ತಟ್ಟೆ ತೊಳೆದಿಟ್ಟು ಕೆಲಸಕ್ಕೆ ಹೋದಳು. ಆಮೇಲೆ ಆ ಮನೆಯಲ್ಲಿ ಈ ವಿಷಯವನ್ನು ಯಾರೂ ಎತ್ತಲಿಲ್ಲ. ಅವಳು ಮತ್ತೆ ಕನ್ನಡವನ್ನೂ ಆಡಲಿಲ್ಲ.

ಸಿನಿಮಾ ನೂರು ದಿನ ಓಡಿತು. 'ಉತ್ತರ ಕೇರಳದ ಮಣ್ಣಿನ ದನಿ' ಎಂದು ಒಂದು ಪತ್ರಿಕೆ ಇಸ್ಮಾಯಿಲನ ಫೋಟೊ ಹಾಕಿ ಬರೆಯಿತು. ಮಟ್ಟಾಂಚೇರಿಯ ಇಸ್ಮಾಯಿಲ್ ತ್ರಿಶೂರಿನಿಂದ ಆಚೆಗೆ ಹೋದವನೇ ಅಲ್ಲ. ವರ್ಷದ ಕೊನೆಗೆ ತಿರುವನಂತಪುರದ ಫಿಲ್ಮ್ ಸೊಸೈಟಿಯೊಂದು ವರ್ಷದ ಅತ್ಯುತ್ತಮ ದನಿ ಎಂದು ಅವನಿಗೆ ಪ್ರಶಸ್ತಿ ಕೊಟ್ಟಿತು. ಪ್ರಶಸ್ತಿಯನ್ನು ಗಣಪತಿಯ ಕೈಯಿಂದಲೇ ಕೊಡಿಸಿದರೆ ಚಂದ ಎಂದು ಸೊಸೈಟಿಯವರಿಗೆ ಹೊಳೆಯಿತು. ಇಂಥ ಚಂದದ ಐಡಿಯಾಗಳು ಇಂಥವರಿಗೇ ಹೊಳೆಯುತ್ತವೆ.

"ನೀವು ಹೋಗುದು ಬೇಡ" ಎಂದಳು ಪಂಕಜಾ. "ಹೊಟ್ಟೆ ಸರಿ ಇಲ್ಲ ಹೇಳಿ ಫೋನ್ ಮಾಡಿ. ನಾನೇ ಬೇಕಾದ್ರೆ ಮಾಡ್ತೇನೆ."

"ಕರೆದ ಸ್ಟೇಜಿಗೆ ಹೋಗದೆ ಇದ್ದದ್ದು ಉಂಟಾ ನಾನು?"

"ಅಲ್ಲಿ ನಿಮಗೆ ಎಂತ ಉಂಟು ಈಗ?"

"ಮೈಕ್ ಉಂಟಲ್ಲ" ಎಂದ ಗಣಪತಿ.

ಅವನ ಲೆಕ್ಕಾಚಾರ ಬೇರೆಯೇ ಇತ್ತು. ಪ್ರಶಸ್ತಿ ಕೊಟ್ಟ ಮೇಲೆ ಎರಡು ಮಾತು ಹೇಳಿ ಎನ್ನದೆ ಇರುತ್ತಾರೆಯೇ? ಆಗ ಆ ನಾಲ್ಕು ನಿಮಿಷವನ್ನು, ಮಗನ ಮೀನಿನ ತಲೆಯ ಮಾತನ್ನು, ಸಭೆಯ ಮುಂದೆ ತನ್ನ ಗಂಟಲಿನಲ್ಲಿ ಹೇಳಿಬಿಡುವುದು. ಸಿನಿಮಾದಲ್ಲಿ ಇಲ್ಲದಿದ್ದರೆ ಬೇಡ, ಮುನ್ನೂರು ಜನ ಕೇಳಿದರೂ ಸಾಕು. ನಕ್ಕರೆ ನಗಲಿ, ಮೂರನೆಯ ವಾಕ್ಯಕ್ಕೆ ನಗು ನಿಲ್ಲಿಸುವ ತಾಕತ್ತು ತನಗಿದೆ. ಹಳೆಯ ನೋಟುಪುಸ್ತಕ ತೆಗೆದು ಎರಡು ವಾರ ಮತ್ತೆ ಉರುಹೊಡೆದ. ಕೊಚ್ಚಿಯಿಂದ ತಿರುವನಂತಪುರದವರೆಗೆ ರೈಲಿನ ಕಿಟಕಿಗೆ ಮುಖ ಮಾಡಿ ಒಪ್ಪಿಸುತ್ತ ಹೋದ. ಎದುರು ಸೀಟಿನ ಹೆಂಗಸು ತನ್ನ ಚೀಲವನ್ನು ಮಡಿಲಿಗೆ ಎಳೆದುಕೊಂಡಳು.

ಸಭಾಂಗಣ ತುಂಬಿತ್ತು. ಮೂವತ್ತಾರು ವರ್ಷ ಬದುಕಿದ ಊರು, ಮುಂದಿನ ಸಾಲಿನಲ್ಲಿ ಜೊತೆಗೆ ನಾಟಕ ಆಡಿದವರ ಬೋಳುತಲೆಗಳು. ಗಣಪತಿ ಪ್ರಶಸ್ತಿ ಕೊಟ್ಟ. ಇಸ್ಮಾಯಿಲ್ ಬಗ್ಗಿ ಅವನ ಕಾಲು ಮುಟ್ಟಿದ, "ಎಲ್ಲ ಗಣಪತಿಯೇಟ್ಟನ ಮುಖದ ಪುಣ್ಯ" ಎಂದು ಮೈಕಿನಲ್ಲಿ ಹೇಳಿದ. ಅಣ್ಣ ಎಂಬ ಅರ್ಥದ ಆ ಏಟ್ಟ ಎನ್ನುವ ಕರೆಯಲ್ಲಿ ಕಪಟ ಒಂದಿಷ್ಟೂ ಇರಲಿಲ್ಲ. ಗಣಪತಿ ಮಾತು ಬರೆದಿಟ್ಟ ಚೀಟಿಯಿದ್ದ ಜೇಬಿನ ಮೇಲೆ ಕೈಯಿಟ್ಟುಕೊಂಡು ತನ್ನ ಸರದಿಗೆ ಕಾದ.

ನಿರೂಪಣೆ ಮಾಡುತ್ತಿದ್ದ ಹುಡುಗಿ ಉತ್ಸಾಹದಿಂದ ಮುಂದೆ ಬಂದಳು. "ಸಮಯ ಕಡಿಮೆ ಇದೆ, ಭಾಷಣ ಬೇಡ. ಅದರ ಬದಲು ಒಂದು ಅಪರೂಪದ ಕ್ಷಣ! ಶವಾಗಾರದ ಆ ಮಾತನ್ನು ಇಸ್ಮಾಯಿಲ್ ಸಾರ್ ಇಲ್ಲಿಯೇ ಹೇಳುತ್ತಾರೆ. ಗಣಪತಿ ಸಾರ್ ಅಭಿನಯಿಸುತ್ತಾರೆ. ಸಾರ್, ನೀವು ಸುಮ್ಮನೆ ಬಾಯಾಡಿಸಿದರೆ ಸಾಕು." ಮೈಕನ್ನು ಇಸ್ಮಾಯಿಲನ ಕೈಗೆ ಕೊಟ್ಟಳು. ಎರಡನೆಯ ಮೈಕು ಇರಲಿಲ್ಲ.

ಚಪ್ಪಾಳೆ ಬಿತ್ತು, ದೀಪ ಗಣಪತಿಯ ಮುಖಕ್ಕೆ ಬಂತು. ಇಳಿದು ಹೋಗಬಹುದಿತ್ತು, ಹೋಗಲಿಲ್ಲ. ದೀಪ ಮುಖಕ್ಕೆ ಬಿದ್ದ ಮೇಲೆ ಇಳಿದು ಹೋಗುವುದು ಅವನಿಗೆ ಗೊತ್ತಿರಲಿಲ್ಲ. ಆದರೆ ಸಿಟ್ಟು ಬಂತು. ಇನ್ನೊಬ್ಬನ ದನಿಗೆ ತನ್ನ ಮಾತನ್ನು ಕೊಡುವುದಿಲ್ಲ, ಕೊಡಲೇಬಾರದು. ತುಟಿಯ ಲೆಕ್ಕ ತಪ್ಪಲಿ, ಇಸ್ಮಾಯಿಲ್ ಎಡವಲಿ, ಇಡೀ ಸಭೆಗೆ ಗೊತ್ತಾಗಲಿ, ಈ ಮುಖ ಬೇರೆ, ಆ ದನಿ ಬೇರೆ ಎಂದು. ಇಸ್ಮಾಯಿಲ್ "ನನ್ನ ಮಗನಿಗೆ" ಎಂದು ಶುರುಮಾಡಿದ. ಗಣಪತಿ ಬಾಯಿ ತೆರೆದು, ಪಕ್ಕದವನಿಗೆ ಮಾತ್ರ ಕೇಳುವ ಹಾಗೆ, ಕನ್ನಡದಲ್ಲಿ ಎಣಿಸಿದ. ಒಂದು. ಎರಡು. ಮೂರು. ನಾಲ್ಕು.

ಯಾರಿಗೂ ಏನೂ ಗೊತ್ತಾಗಲಿಲ್ಲ. ಇಪ್ಪತ್ತಕ್ಕೆ ಬರುವಾಗ ಮುಂದಿನ ಸಾಲಿನ ಹೆಂಗಸೊಬ್ಬಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ನಲವತ್ತೊಂದಕ್ಕೆ ಅವನ ಕಣ್ಣು ತಾನಾಗಿಯೇ ತುಂಬಿ ನಿಂತಿತು. ಅದು ಯಾವ ದುಃಖಕ್ಕೆ ತುಂಬಿತೆಂದು ಯಾರು ಕೇಳಬೇಕು? ಎಂಬತ್ತಮೂರಕ್ಕೆ ಇಸ್ಮಾಯಿಲನ ಕೊನೆಯ ಪದ, ಗಣಪತಿಯ ಕೊನೆಯ ಅಂಕಿ ಒಟ್ಟಿಗೆ ಬಂದು ನಿಂತವು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಹಳೆಯ ನಾಟಕದ ಗೆಳೆಯರು ಎಲ್ಲರಿಗಿಂತ ಮೊದಲು ಎದ್ದಿದ್ದರು.

ಇಸ್ಮಾಯಿಲ್ ಅವನನ್ನು ತಬ್ಬಿಕೊಂಡು ಕಿವಿಯ ಹತ್ತಿರ ಬಾಯಿ ತಂದ. "ಎಣಿಸಿದಿರಲ್ಲ ಏಟ್ಟಾ! ಎಷ್ಟು ಸುಲಭವಾಯಿತು ಗೊತ್ತಾ? ಸಿನಿಮಾದಲ್ಲಿ ನಿಮ್ಮ ಮಾತು ಎಲ್ಲೆಲ್ಲೋ ಎಳೆಯುತ್ತಿತ್ತು, ಹಿಡಿಯುವುದರಲ್ಲಿ ನಾಲ್ಕು ದಿನ ನನ್ನ ಪ್ರಾಣ ಹೋಯಿತು. ಮೊದಲಿನಿಂದಲೂ ಹೀಗೇ ಮಾಡಿದ್ದರೆ ನಮ್ಮ ಡಬ್ಬಿಂಗಿನವರಿಗೆಲ್ಲ ಎಷ್ಟು ಉಪಕಾರವಾಗುತ್ತಿತ್ತು." ಅವನು ಮನಸಾರೆ ಹೇಳಿದ್ದ. ಗಣಪತಿ ಅವನ ಬೆನ್ನು ತಟ್ಟಿದ.

ಮುಂದಿನ ತಿಂಗಳು ನೂರ ಹದಿನಾರನೆಯ ಸಿನಿಮಾ ಬಂತು, ಕಾಕ್ಕನಾಡಿನಲ್ಲೇ ಶೂಟಿಂಗು. ನ್ಯಾಯಾಧೀಶನ ಪಾತ್ರ, ಕೊಲೆಗಾರನಿಗೆ ಶಿಕ್ಷೆ ಓದಿ ಹೇಳುವ ಎರಡು ಪುಟದ ಮಾತು. ಹಿಂದಿನ ದಿನ ಪಂಕಜಾ ಅಂಗಡಿಯಿಂದ ಹೊಸ ನೋಟುಪುಸ್ತಕ ತಂದು ಮೇಜಿನ ಮೇಲೆ ಇಟ್ಟಿದ್ದಳು. "ಬೇಡ ಮಾರಾಯ್ತಿ, ವಾಪಸು ಕೊಡು" ಎಂದ. ಸೆಟ್ಟಿನಲ್ಲಿ ಕಪ್ಪು ಕೋಟು ಹಾಕಿ ಕೂತು, ಕನ್ನಡಕ ಸರಿಮಾಡಿಕೊಂಡು, ಒಂದರಿಂದ ನೂರ ನಲವತ್ತರವರೆಗೆ ಎಣಿಸಿದ. ಮೊದಲನೆಯ ಟೇಕಿಗೇ ಓಕೆ ಆಯಿತು. ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದ.